ಮಡಚುವ ಟ್ರೈಮರಾನ್ ಹಾಯಿದೋಣಿ ತಗೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಶಿರಿಯ ಹೊಳೆಯಲ್ಲಿ ಕೆಲವು ವರ್ಷದಿಂದ ಆರು ಮೀಟರಿನ ಒಂದು ಹಳೇ ಮಡಚುವ ಟ್ರೈಮರಾನ್ ಓಡಿಸುತ್ತಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ, ಹೋಟೆಲಿನಲ್ಲಿ, ವಾಟ್ಸಾಪಿನಲ್ಲಿ, ಗಲ್ಫಿನಿಂದ ಬರುವ ಫೋನಿನಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಶುರುವಿನ ಪ್ರಶ್ನೆಗಳು

ಮೂರು ದೋಣಿ ಒಟ್ಟಿಗೆ ಕಟ್ಟಿದ ಹಾಗೆ ಉಂಟಲ್ಲ, ಇದೆಂತ ಮಾರಾಯ್ರೆ?

ನಡುವೆ ಒಂದು ದೋಣಿ, ಎರಡು ಬದಿಗೆ ತೋಳು ಚಾಚಿ ಹಿಡಿದ ಎರಡು ಸಪೂರ ತೇಲು. ತೇಲಿಗೆ ಎಲ್ಲರೂ ಫ್ಲೋಟ್ ಅಂತಲೇ ಹೇಳುವುದು, ನಾನೂ ಹಾಗೇ ಬರೆಯುತ್ತೇನೆ. ಕಾರವಾರ, ಗೋವಾ ಕಡೆ ಒಂದು ಬದಿಗೆ ಮರದ ತುಂಡು ಕಟ್ಟಿದ ಮೀನಿನ ದೋಣಿ ನೋಡಿದ್ದೀರಲ್ಲ, ಅದಕ್ಕೆ ಇನ್ನೊಂದು ಬದಿಗೂ ಕಟ್ಟಿದರೆ ಇದೇ. ಹೆಸರೂ ನಮ್ಮ ಕಡೆಯದ್ದೇ. ತಮಿಳಿನ ಕಟ್ಟುಮರ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಯಿತು. ಅದರ ಬಾಲಕ್ಕೆ ಮೂರು ಅನ್ನುವ 'ಟ್ರೈ' ಸೇರಿಸಿ ಟ್ರೈಮರಾನ್ ಅಂದವರು ವಿಕ್ಟರ್ ಚೆಚೆಟ್ ಅಂತ, ಉಕ್ರೇನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು.

ಮಾಮೂಲಿ ಹಾಯಿದೋಣಿ ಗಾಳಿಗೆ ಮಗುಚದ ಹಾಗೆ ಹೊಟ್ಟೆಯ ಕೆಳಗೆ ಸೀಸವನ್ನೋ ಕಬ್ಬಿಣವನ್ನೋ ಹೊತ್ತಿರುತ್ತದೆ, ಅದಕ್ಕೆ ಕೀಲ್ ಅನ್ನುತ್ತಾರೆ. ಟ್ರೈಮರಾನಿಗೆ ಆ ಭಾರ ಬೇಡ, ಅಗಲವೇ ಅದರ ಬಲ. ಹಾಗಾಗಿ ಹಗುರ, ಹಾಗಾಗಿ ಓಟ ಜಾಸ್ತಿ, ಹಾಗಾಗಿಯೇ ಟ್ರೈಲರ್ ಮೇಲೆ ಏರಿಸಿ ಮನೆಗೆ ತರಬಹುದು.

ಮಡಚುವುದು ಎಂತಕ್ಕೆ? ಅಗಲವಾಗಿಯೇ ಬಿಟ್ರೆ ಆಗ್ಲಿಕ್ಕಿಲ್ವಾ?

ಬಿಡುವುದು ಎಲ್ಲಿ? ನಮ್ಮ ಜಿಲ್ಲೆಯಲ್ಲಿ ಮರೀನಾ ಇಲ್ಲ. ಕೇರಳದಲ್ಲಿ ಹೆಸರು ಹೇಳುವಂಥದ್ದು ಅಂದರೆ ಕೊಚ್ಚಿಯ ಬೋಲ್ಗಾಟಿಯದ್ದು. ಮೀನುಗಾರಿಕಾ ಬಂದರಿನಲ್ಲಿ ದುಡಿಮೆಯ ದೋಣಿಗಳಿಗೇ ಜಾಗ ಸಾಲದು. ಹೊಳೆಯಲ್ಲಿ ಲಂಗರು ಹಾಕಿಟ್ಟರೆ ಜೂನಿನ ನೆರೆ ಬಂದಾಗ ಮರದ ದಿಮ್ಮಿ, ಬಾಳೆಗಿಡ, ಸೊಪ್ಪು ಸೌದೆ ಎಲ್ಲ ಬಂದು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಮನೆಗೇ ತರಬೇಕು, ಅಲ್ವಾ?

ತರುವಾಗ ರಸ್ತೆಯ ಲೆಕ್ಕ ಬರುತ್ತದೆ. ನಮ್ಮ ದೇಶದ ನಿಯಮದಲ್ಲಿ ವಾಹನದ ಅಗಲ 2.6 ಮೀಟರ್ ದಾಟಬಾರದು. ಆರು ಮೀಟರ್ ಉದ್ದದ ಟ್ರೈಮರಾನ್ ಬಿಚ್ಚಿದಾಗ ನಾಲ್ಕೂವರೆ ಮೀಟರ್ ಅಗಲ ಇರುತ್ತದೆ. ಹೈವೇ ಆರು ಲೇನ್ ಆದ ಮಾತ್ರಕ್ಕೆ ಅದನ್ನು ಹಾಗೇ ಎಳೆದುಕೊಂಡು ಹೋಗಲಿಕ್ಕೆ ಆಗುವುದಿಲ್ಲ.

ಒಂದು ಮಾತು. ದೋಣಿಯ ಅಗಲ ಕೇಳಿದ ದಿನವೇ ಟೇಪ್ ಹಿಡಿದು ಮನೆಯ ಗೇಟನ್ನೂ ಅಳೆಯಿರಿ. ನಾನು ಅಳೆಯಲಿಲ್ಲ. ದೋಣಿ ಮಡಚಿದರೆ ಎರಡೂವರೆ ಮೀಟರ್, ಅಜ್ಜ ಕಟ್ಟಿಸಿದ ಮುರಕಲ್ಲಿನ ಗೇಟು ಎರಡು ಮೀಟರ್ ನಲವತ್ತು ಸೆಂಟಿಮೀಟರ್. ಒಂದು ಕಂಬ ಒಡೆಸಿದೆ. ಅಪ್ಪ ಅದರ ಬಗ್ಗೆ ಈಗಲೂ ಮಾತಾಡುತ್ತಾರೆ.

ಇದು ಮಗುಚುವುದೇ ಇಲ್ಲ ಅಂತ ವಿಡಿಯೋದಲ್ಲಿ ಹೇಳ್ತಾರೆ. ಹೌದಾ?

ಮಗುಚುತ್ತದೆ. ಸುಲಭಕ್ಕೆ ಮಗುಚುವುದಿಲ್ಲ, ಅಷ್ಟೇ. ಮಗುಚಿದರೆ ಭಾರದ ಕೀಲ್ ಇರುವ ದೋಣಿಯ ಹಾಗೆ ತಾನಾಗಿ ಎದ್ದು ನಿಲ್ಲುವುದೂ ಇಲ್ಲ. ಕಾಲು ಮೇಲೆ ಮಾಡಿ ಮಲಗಿದ ಆಮೆ ಹಾಗೆ ಹಾಗೇ ಇರುತ್ತದೆ. ಒಳ್ಳೆಯದೇನೆಂದರೆ ಮುಳುಗುವುದಿಲ್ಲ. ಸೀಸದ ಭಾರ ಇಲ್ಲ, ಫ್ಲೋಟಿನೊಳಗೆ ಗಾಳಿ ತುಂಬಿದ ಬೇರೆ ಬೇರೆ ಕೋಣೆ ಇರುತ್ತದೆ. ಹಾಗಾಗಿ ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಲಿಕ್ಕೆ ಹೋಗಬೇಡಿ. ಅದರ ಮೇಲೆಯೇ ಹತ್ತಿ ಕುಳಿತುಕೊಳ್ಳಿ.

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಟ್ರೈಮರಾನ್ ಜಾಸ್ತಿ ವಾಲುವುದಿಲ್ಲವಾದ್ದರಿಂದ ಆ ಒತ್ತಡ ನಮ್ಮ ಮೈಗೆ ಗೊತ್ತೇ ಆಗುವುದಿಲ್ಲ, ಅಪಾಯ ಇರುವುದು ಅಲ್ಲೇ. ಗಾಳಿ ಹೋಗುವ ಬದಿಯ ಫ್ಲೋಟಿನ ಮೂತಿ ನೀರಿಗೆ ಕಚ್ಚಲಿಕ್ಕೆ ಶುರುವಾದರೆ ಹಾಯಿ ಕಡಿಮೆ ಮಾಡುವ ಹೊತ್ತು ಆಗಲೇ ದಾಟಿತು ಅಂತ ಲೆಕ್ಕ.

ನನಗೆ ಹಾಯಿ ಬಿಡ್ಲಿಕ್ಕೆ ಗೊತ್ತಿಲ್ಲ. ನೇರ ಇದನ್ನೇ ತಗೊಳ್ಬಹುದಾ?

ತಗೊಳ್ಳಬಹುದು, ಆದರೆ ದೊಡ್ಡದು ಬೇಡ. ಮೊದಲ ಒಂದು ವರ್ಷ ಹೊಳೆ ಬಿಟ್ಟು ಹೊರಗೆ ಹೋಗಬೇಡಿ. ತೃಕ್ಕರಿಪುರ ಕಡೆಯ ಕವ್ವಾಯಿ ಹಿನ್ನೀರು ಕಲಿಯಲಿಕ್ಕೆ ಬಂಗಾರದಂಥ ಜಾಗ. ವಲಿಯಪರಂಬದ ಮರಳ ಪಟ್ಟಿ ಕಡಲ ಅಲೆಯನ್ನು ತಡೆಯುತ್ತದೆ, ಗಾಳಿಯನ್ನು ಮಾತ್ರ ಬಿಡುತ್ತದೆ.

## ಆಯ್ಕೆಗೆ ಕೂತ ಮೇಲೆ

ಎಷ್ಟು ಉದ್ದದ್ದು ತಗೊಂಡ್ರೆ ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು, ವರ್ಷಕ್ಕೆ ಎಷ್ಟು ಸಲ ನೀರಿಗೆ ಇಳಿಸುತ್ತೀರಿ ಅಂತ. ಯಾಕೆಂದರೆ ಇಳಿಸುವ ಕಷ್ಟ ಉದ್ದದ ಲೆಕ್ಕದಲ್ಲಿ ಏರುವುದಿಲ್ಲ, ಭಾರದ ಲೆಕ್ಕದಲ್ಲಿ ಏರುತ್ತದೆ. ಉದ್ದ ಎರಡು ಮೀಟರ್ ಏರಿದರೆ ಭಾರ ಎರಡು ಪಟ್ಟಾಗಿರುತ್ತದೆ.

ಐದೂವರೆ ಮೀಟರಿನ ಆಸುಪಾಸಿನಲ್ಲಿ ಹೋಬಿ ಕಂಪನಿಯ ಟ್ಯಾಂಡೆಮ್ ಐಲ್ಯಾಂಡ್ ಥರದ್ದು ಬರುತ್ತದೆ. ಅದು ಕಾಯಕ್ಕೇ, ಕಾಲಿನಲ್ಲಿ ತುಳಿಯುವ ಪೆಡಲೂ ಉಂಟು, ಎರಡು ಬದಿಗೆ ಪುಟ್ಟ ಫ್ಲೋಟ್. ಬಿಚ್ಚಿದರೆ ಸುಮಾರು ಮೂರು ಮೀಟರ್ ಅಗಲ, ಮಡಚಿದರೆ ಅದರ ಅರ್ಧವೂ ಇಲ್ಲ. ಮೈ ಒದ್ದೆಯಾಗುತ್ತದೆ, ಮಲಗಲಿಕ್ಕೆ ಜಾಗ ಇಲ್ಲ. ಆದರೆ ಗಾಳಿ ಸತ್ತರೆ ತುಳಿದುಕೊಂಡು ಮನೆ ಸೇರಬಹುದು. ಒಬ್ಬರೇ ಹೋಗುವವರಿಗೆ ಇದಕ್ಕಿಂತ ಸಲೀಸಾದದ್ದು ನನಗೆ ಕಂಡಿಲ್ಲ.

ಆರು ಮೀಟರಿನ ಆಸುಪಾಸಿನಲ್ಲಿ ಕೋರ್ಸೇರ್ ಪಲ್ಸ್ 600, ಫ್ರಾನ್ಸಿನ ಆ್ಯಸ್ಟಸ್ ದೋಣಿಗಳು ಸಿಗುತ್ತವೆ. ಪಲ್ಸ್ ಸುಮಾರು 450 ಕಿಲೋ. ಮೂರು ನಾಲ್ಕು ಜನ ಹಗಲಿಡೀ ತಿರುಗಾಡಬಹುದು. ನಮ್ಮ ಹೊಳೆ, ಹಿನ್ನೀರು, ಹದವಾದ ದಿನದ ಕಡಲು ಮೂರಕ್ಕೂ ಸರಿಹೋಗುವ ಅಳತೆ ಇದು ಅಂತ ನನ್ನ ಲೆಕ್ಕ.

ಎಂಟು ಮೀಟರಿಗೆ ಹೋದರೆ ಎಫ್-27, ಡ್ರ್ಯಾಗನ್‌ಫ್ಲೈ 28 ಇಂಥವು. ಒಳಗೆ ಹಾಸಿಗೆ, ಅಡಿಗೆಗೆ ಒಂದು ಮೂಲೆ. ಎಫ್-27 ಉದ್ದ 8.25 ಮೀಟರ್, ಬಿಚ್ಚಿದರೆ ಅಗಲ 5.8, ಮಡಚಿದರೆ 2.57, ಭಾರ ಖಾಲಿಯಾಗಿ ಸುಮಾರು 1200 ಕಿಲೋ. ಅಗಲದಲ್ಲಿ ರಸ್ತೆಯ ಮಿತಿಗೆ ಮೂರು ಸೆಂಟಿಮೀಟರ್ ಮಾತ್ರ ಬಾಕಿ! ಒಳ್ಳೆ ದೋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಊರಿನ ಜಾರುದಾರಿಗಳಲ್ಲಿ ಅದನ್ನು ವಾರವಾರ ಇಳಿಸಿ ಏರಿಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಮಡಚುವುದರಲ್ಲೂ ಬೇರೆ ಬೇರೆ ನಮೂನೆ ಉಂಟಂತೆ. ಯಾವುದು ಗಟ್ಟಿ?

ಎಲ್ಲವೂ ಗಟ್ಟಿಯೇ, ಎಲ್ಲದಕ್ಕೂ ಒಂದೊಂದು ಕಿರಿಕಿರಿ ಉಂಟು.

ಜಾಸ್ತಿ ಹೆಸರು ಮಾಡಿದ್ದು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಇಯಾನ್ ಫೆರಿಯರ್ ಅವರ ವಿಧಾನ. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಅವರು ಇದನ್ನು ಬೆಳೆಸಿದರು. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೋರ್ಸೇರ್ ಕಂಪನಿ ಶುರುವಾಗಿ 1985ರ ಹೊತ್ತಿಗೆ ಎಫ್-27 ಬಂತು. ಕೋರ್ಸೇರ್ ದೋಣಿಗಳು ಈಗ ತಯಾರಾಗುವುದು ವಿಯೆಟ್ನಾಮಿನಲ್ಲಿ. ಇದರಲ್ಲಿ ತೋಳುಗಳು ಕೆಳಕ್ಕೆ ಮಡಚಿ ಫ್ಲೋಟ್ ನಡುದೋಣಿಯ ಪಕ್ಕೆಗೆ ಬಂದು ಅಂಟುತ್ತದೆ. ಕೊಕ್ಕರೆ ರೆಕ್ಕೆ ಮಡಚುವ ಹಾಗೆ. ತೋಳಿಗೆ ಒಂದರಂತೆ ನಾಲ್ಕು ಬೋಲ್ಟ್. ಅದನ್ನು ಸಡಿಲಿಸಿ ತೋಳನ್ನು ಒತ್ತಿದರೆ ನೀರಿನ ಮೇಲೆಯೇ ಮಡಚುತ್ತದೆ. ಕಿರಿಕಿರಿ ಎಂತ ಅಂದರೆ, ಮಡಚಿ ನೀರಲ್ಲೇ ಬಿಟ್ಟರೆ ಯಾವಾಗಲೂ ಒಣಗಿರುವ ಫ್ಲೋಟಿನ ಪಕ್ಕ ನೀರಿಗೆ ಇಳಿಯುತ್ತದೆ. ನಮ್ಮ ಉಪ್ಪುನೀರಿನಲ್ಲಿ ಸ್ವಲ್ಪ ದಿನ ಬಿಟ್ಟು ನೋಡಿ, ಪಾಚಿ, ಚಿಪ್ಪು ಎಲ್ಲ ಅಲ್ಲಿಗೇ.

ಡೆನ್ಮಾರ್ಕಿನ ಡ್ರ್ಯಾಗನ್‌ಫ್ಲೈ ದೋಣಿಯಲ್ಲಿ ಫ್ಲೋಟ್ ಹಿಂದಕ್ಕೆ ತಿರುಗಿ ಮೈಗೆ ಬರುತ್ತದೆ, ಕತ್ತರಿ ಮುಚ್ಚಿದ ಹಾಗೆ. ಫ್ಲೋಟ್ ಹೊರಳುವುದಿಲ್ಲ, ಪಾಚಿಯ ತಾಪತ್ರಯ ಇಲ್ಲ. ಆದರೆ ದೋಣಿ ಹಿಂದಕ್ಕೆ ಉದ್ದವಾಗುತ್ತದೆ. ಬೆಲೆಯೂ ಉದ್ದ.

ಆ್ಯಸ್ಟಸ್‌ನಲ್ಲಿ ಪೈಪಿನೊಳಗೆ ಪೈಪ್ ಜಾರುವ ಏರ್ಪಾಡು. ನೋಡಲಿಕ್ಕೆ ಸರಳ, ಆದರೆ ಕಡಲಬದಿಯ ಮರಳು ಒಂದು ಚಿಟಿಕೆ ಒಳಗೆ ಹೋದರೆ ಪೈಪ್ ಜಪ್ಪಯ್ಯ ಅಂದರೂ ಜಾರುವುದಿಲ್ಲ. ಪ್ರತಿ ಸಲ ಸಿಹಿನೀರಲ್ಲಿ ತೊಳೆಯಬೇಕು.

ನನ್ನದು ಬೋಲ್ಟಿನ ನಮೂನೆ. ಒಂದು ದಿನ ಮೂರನೇ ಬೋಲ್ಟನ್ನು ಅರ್ಧ ತಿರುಗಿಸುವಾಗ ಫೋನ್ ಬಂತು. ಮಾತು ಮುಗಿಸಿ ನೇರ ನಾಲ್ಕನೆಯದಕ್ಕೆ ಹೋದೆ. ಹೊಳೆ ನಡುವಿಗೆ ಬಂದಾಗ 'ಕಿರ್‌ರ್, ಟಕ್' ಅಂತ ಒಂದು ಸದ್ದು, ಹಳೇ ಉಯ್ಯಾಲೆಯ ಕೊಂಡಿ ಹಾಗೆ. ಬಗ್ಗಿ ನೋಡಿದರೆ ತೋಳು ಒಂದು ಬೆರಳಿನಷ್ಟು ಎದ್ದಿದೆ. ಅವತ್ತಿನಿಂದ ಸ್ಪ್ಯಾನರಿಗೆ ಕೆಂಪು ದಾರ ಕಟ್ಟಿದ್ದೇನೆ. ನಾಲ್ಕೂ ಬಿಗಿಯಾಗುವ ತನಕ ದಾರ ಕೈಯಿಂದ ಬಿಚ್ಚುವುದಿಲ್ಲ, ಫೋನ್ ಎತ್ತುವುದೂ ಇಲ್ಲ.

ನನ್ನ ಕಾರು ಎಳೀತದಾ?

ದೋಣಿಯ ಭಾರ ಮಾತ್ರ ನೋಡಬೇಡಿ. 450 ಕಿಲೋ ದೋಣಿಗೆ ಟ್ರೈಲರ್, ಮೋಟಾರ್, ಪೆಟ್ರೋಲ್, ಲಂಗರು, ಹಗ್ಗ ಎಲ್ಲ ಸೇರಿ 800 ಕಿಲೋ ಹತ್ತಿರ ಬರುತ್ತದೆ. ಎಫ್-27 ಅಂಥದ್ದು ಎರಡು ಟನ್ನಿನ ಕಡೆಗೆ ಹೋಗುತ್ತದೆ. ಯುರೋಪಿನಲ್ಲಿ 750 ಕಿಲೋ ದಾಟಿದ ಟ್ರೈಲರಿಗೆ ಅದರದ್ದೇ ಬ್ರೇಕ್ ಕಡ್ಡಾಯ. ನಾವೂ ಅದನ್ನೇ ಪಾಲಿಸುವುದು ಒಳ್ಳೆಯದು. ಹ್ಯಾಚ್‌ಬ್ಯಾಕ್ ಕಾರಿನ ಮಾತೇ ಬೇಡ. ನಮ್ಮಲ್ಲಿ ಟ್ರೈಲರಿಗೂ ನೋಂದಣಿ ಬೇಕು. ಹುಕ್ ಹಾಕಿಸುವ ಮುಂಚೆ ಆರ್‌ಟಿಓ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಇಳಿಸುವುದಾದರೆ ಬಾಡಿಗೆ ವಾಹನ ಕರೆಸುವುದೇ ಅಗ್ಗ.

ಟ್ರೈಲರಿನಲ್ಲಿ ಮೊದಲು ಸಾಯುವುದು ಚಕ್ರದ ಬೇರಿಂಗ್. ಬಿಸಿಯಾದ ಬೇರಿಂಗ್ ಉಪ್ಪುನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ದಡ ಮುಟ್ಟಿದ ಮೇಲೆ ಒಂದು ಚಾ ಕುಡಿದು, ಚಕ್ರ ತಣ್ಣಗಾದ ಮೇಲೆಯೇ ನೀರಿಗೆ ಇಳಿಸಿ.

ಒಬ್ಬನೇ ಇಳಿಸ್ಲಿಕ್ಕೆ ಆಗ್ತದಾ? ಎಷ್ಟು ಹೊತ್ತು ಬೇಕು?

ಆರು ಮೀಟರಿನದ್ದಾದರೆ ಆಗುತ್ತದೆ. ಕಂಪನಿಯವರು ಅರ್ಧ ಗಂಟೆ ಅನ್ನುತ್ತಾರೆ. ನನಗೆ ಒಂದು ಗಂಟೆ ಬೇಕು, ಅದರಲ್ಲಿ ಇಪ್ಪತ್ತು ನಿಮಿಷ 'ಇದರ ಬೆಲೆ ಎಷ್ಟು' ಅನ್ನುವವರಿಗೆ ಉತ್ತರ ಹೇಳಲಿಕ್ಕೆ. ಹೊತ್ತು ಹಿಡಿಯುವುದು ಫ್ಲೋಟ್ ಬಿಚ್ಚುವುದಲ್ಲ, ಹಾಯಿಕಂಬ ಎತ್ತುವುದು. ಕೊಳ್ಳುವ ಮುಂಚೆ ಮಾರುವವರಿಗೆ ಹೇಳಿ, 'ಒಬ್ಬರೇ ಎತ್ತಿ ತೋರಿಸಿ' ಅಂತ. ಅವರಿಗೇ ಇಬ್ಬರು ಬೇಕಾದರೆ ನಿಮಗೂ ಬೇಕು.

ಕಂಬ ಎತ್ತುವ ಮುಂಚೆ ತಲೆ ಎತ್ತಿ ಕರೆಂಟ್ ವಯರ್ ಎಲ್ಲುಂಟು ನೋಡಿ. ಅಲ್ಯೂಮಿನಿಯಂ ಇರಲಿ, ಕಾರ್ಬನ್ ಇರಲಿ, ಎರಡರಲ್ಲೂ ಕರೆಂಟ್ ಹರಿಯುತ್ತದೆ. ತೆಂಗಿನ ತೋಟದ ನಡುವಿನ ದಾರಿಯಲ್ಲಿ ವಯರ್ ಮಡಲಿನ ಹಿಂದೆ ಅಡಗಿರುತ್ತದೆ. ನಾನು ಜಾಗ ತಪ್ಪದ ಹಾಗೆ ಒಂದು ಕಲ್ಲಿಗೆ ಸುಣ್ಣ ಬಳಿದಿದ್ದೇನೆ, ಅದರಿಂದ ಈಚೆಗೆ ಕಂಬ ಎತ್ತುವುದೇ ಇಲ್ಲ. ಕಂಬ ಸುಲಭಕ್ಕೆ ಇಳಿಯುವುದೂ ಮುಖ್ಯ, ಹೊಳೆಯುದ್ದಕ್ಕೂ ಸೇತುವೆಗಳು ಉಂಟಲ್ಲ.

ಇನ್ನೊಂದು. ನಾವು ಇಳಿಸುವ ಜಾಗ ಮೀನಿನವರ ಜಾಗ. ಅವರು ದೋಣಿ ಎಳೆಯುವ ಹೊತ್ತಿಗೆ ಅಡ್ಡ ನಿಲ್ಲಿಸಬೇಡಿ. ಮೊದಲ ದಿನ ನನಗೆ ಇಳಿತದ ಹೊತ್ತು, ಮರಳಿನ ಜಾಗ ಎಲ್ಲ ಹೇಳಿಕೊಟ್ಟದ್ದು ಅಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಅಜ್ಜ.

ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಬುತ್ತಿ ಎಲ್ಲ ಹಿಡಿಸ್ತದಾ?

ಹಿಡಿಸುತ್ತದೆ, ಆದರೆ ಓಡುವುದಿಲ್ಲ. ಹಗುರ ದೋಣಿ ಭಾರ ಸಹಿಸುವುದಿಲ್ಲ. ದೋಣಿಯ ಕಾಗದಪತ್ರದಲ್ಲಿ ಎಷ್ಟು ಭಾರ ಹೊರುತ್ತದೆ ಅಂತ ಬರೆದಿರುತ್ತದೆ. ಜನ, ನೀರು, ಮೋಟಾರ್ ಎಲ್ಲ ಅದರೊಳಗೇ ಬರಬೇಕು. ನಡುದೋಣಿಗೂ ಫ್ಲೋಟಿಗೂ ನಡುವೆ ಬಿಗಿದ ನೆಟ್ ಮೇಲೆ ಕುಳಿತುಕೊಳ್ಳಲಿಕ್ಕೆ ಮಕ್ಕಳಿಗೆ ಖುಷಿ. ಅತ್ತೆಗೆ ನಡುದೋಣಿಯಲ್ಲೇ ಜಾಗ ಕೊಡಿ. ಲೈಫ್ ಜಾಕೆಟ್ ಎಲ್ಲರಿಗೂ, ಈಜು ಬರುವವರಿಗೂ.

ಅಳಿವೆಯಲ್ಲಿ ಮರಳು ಕೂತಿದೆ. ತಳ ಒಡೆಯುವುದಿಲ್ವಾ?

ಟ್ರೈಮರಾನಿಗೆ ನೀರು ಕಮ್ಮಿ ಸಾಕು. ಹಲಗೆ ಎತ್ತಿದರೆ ಎಫ್-27 ಕೂಡ ಮೊಣಕಾಲು ಮುಳುಗದಷ್ಟು ನೀರಲ್ಲಿ ತೇಲುತ್ತದೆ. ಆದರೆ ಗಾಳಿಗೆ ಎದುರು ಹೋಗಲಿಕ್ಕೆ ಹೊಟ್ಟೆಯ ಕೆಳಗೆ ಹಲಗೆ ಇಳಿಸಲೇಬೇಕು. ಅದರಲ್ಲಿ ಎರಡು ಬಗೆ. ನೇರ ಮೇಲೆ ಕೆಳಗೆ ಹೋಗುವುದು ಡ್ಯಾಗರ್‌ಬೋರ್ಡ್. ಓಟಕ್ಕೆ ಒಳ್ಳೆಯದು, ಮರಳಿಗೆ ಬಡಿದರೆ ಹಲಗೆಯೋ ಅದರ ಗೂಡೋ ಒಡೆಯುತ್ತದೆ. ತಿರುಗುಣಿ ಮೇಲೆ ಹಿಂದಕ್ಕೆ ಏಳುವುದು ಸೆಂಟರ್‌ಬೋರ್ಡ್, ಬಡಿದರೆ ತಾನೇ ಎದ್ದುಕೊಳ್ಳುತ್ತದೆ. ಮಳೆಗಾಲ ಕಳೆದು ನೋಡಿದರೆ ನಮ್ಮ ಅಳಿವೆಗಳ ಬಾಗಿಲು ಹೋದ ವರ್ಷ ಇದ್ದಲ್ಲಿ ಇರುವುದಿಲ್ಲ. ಹಾಗಾಗಿ ನನ್ನ ವೋಟು ಸೆಂಟರ್‌ಬೋರ್ಡಿಗೆ. ಚುಕ್ಕಾಣಿಯೂ ಬಡಿದರೆ ಏಳುವಂಥದ್ದೇ ಇರಲಿ.

ಇಳಿತದ ನೀರು ಹೊರಗೆ ಹರಿಯುವಾಗ ಎದುರಿನಿಂದ ಪಡುಗಾಳಿ ಬಂದರೆ ಅಳಿವೆಯಲ್ಲಿ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅದರಲ್ಲಿ ಯಾವ ಹಲಗೆಯೂ ಉಪಯೋಗಕ್ಕಿಲ್ಲ. ಉಬ್ಬರ ಬರುವ ತನಕ ಕಾಯಿರಿ.

## ಸ್ವಲ್ಪ ಒಳಗಿನ ಮಾತು

ದುಬೈಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಉಂಟು, ಅಗ್ಗಕ್ಕೆ ಕೊಡ್ತಾರಂತೆ. ಎಂತ ನೋಡ್ಬೇಕು ಅಣ್ಣಾ?

ಮೊದಲು ತೋಳುಗಳು ನಡುದೋಣಿಗೆ ಸೇರುವ ಜಾಗ. ದೋಣಿಯ ಜೀವ ಇರುವುದು ಅಲ್ಲಿ. ಮೇಲಿನ ಬಣ್ಣದಲ್ಲಿ ಕೂದಲೆಳೆಯ ಬಿರುಕು ಒಂದೆರಡು ಇದ್ದರೆ ಪರವಾಗಿಲ್ಲ, ಜೇಡರ ಬಲೆ ಹಾಗೆ ಸುತ್ತ ಹರಡಿದ್ದರೆ ಬಿಟ್ಟುಬಿಡಿ. ಬೋಲ್ಟಿನ ತೂತು ದುಂಡಗಿದೆಯಾ, ಮೊಟ್ಟೆಯಾಕಾರಕ್ಕೆ ತಿರುಗಿದೆಯಾ ನೋಡಿ. ಆಮೇಲೆ ಒಂದು ನಾಣ್ಯ ತೆಗೆದು ಡೆಕ್, ಫ್ಲೋಟ್, ತಳ ಎಲ್ಲ ಗೇಣಿಗೊಂದು ಕಡೆ ತಟ್ಟಿ, ತೆಂಗಿನಕಾಯಿ ಬಡಿದು ನೋಡುವ ಹಾಗೆ. 'ಟಣ್' ಅಂದರೆ ಸರಿ. 'ದಬ್' ಅಂದರೆ ಫೈಬರಿನ ಒಳಗಿನ ಫೋಮ್ ಬಿಟ್ಟುಕೊಂಡಿದೆ ಅಥವಾ ನೀರು ಕುಡಿದಿದೆ. ಗಲ್ಫಿನ ಬಿಸಿಲಿಗೆ ನೆಟ್, ಹಗ್ಗ, ಹಾಯಿ ಎಲ್ಲ ಸುಟ್ಟಿರುತ್ತದೆ. ನೆಟ್ಟಿನ ಹೊಲಿಗೆಯನ್ನು ಉಗುರಿನಲ್ಲಿ ಕೆರೆಯಿರಿ, ಪುಡಿ ಉದುರಿದರೆ ಹೊಸದರ ಖರ್ಚು ಸೇರಿಸಿ ಚೌಕಾಸಿ ಮಾಡಿ. ಮತ್ತೆ, ನಿಮ್ಮ ಎದುರೇ ಮಡಚಿಸಿ, ಬಿಚ್ಚಿಸಿ. ಎರಡು ಸಲ.

ಅಗ್ಗ ಅನ್ನುವುದು ಅಲ್ಲಿಯ ಬೆಲೆ ಮಾತ್ರ. ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಮೋಜಿನ ದೋಣಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 40 ಶೇಕಡಾ ಆಗಿದೆ. ಕಾಗದದ ಮೇಲೆ ಪೂರಾ ಕೂಡಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಫ್ಲೋಟ್ 100 ಶೇಕಡಾ, 150 ಶೇಕಡಾ ಅಂತ ಬರೀತಾರಲ್ಲ, ಅದೆಂತ?

ಒಂದು ಫ್ಲೋಟನ್ನು ಪೂರ್ತಿ ನೀರೊಳಗೆ ಒತ್ತಿದರೆ ಅದು ಎಷ್ಟು ಭಾರ ಎತ್ತಿ ಹಿಡಿಯುತ್ತದೆ ಅನ್ನುವ ಲೆಕ್ಕ. ಇಡೀ ದೋಣಿಯ ಭಾರದಷ್ಟೇ ಎತ್ತಿದರೆ ನೂರು. ಹಳೇ ಕಾಲದ ಕೆಲವು ನಕ್ಷೆಗಳಲ್ಲಿ ನೂರಕ್ಕಿಂತ ಕಡಿಮೆ ಇತ್ತು, ಜೋರು ಗಾಳಿಗೆ ಫ್ಲೋಟ್ ಮುಳುಗಿ ಹೋಗುತ್ತಿತ್ತು. ನೂರು ದಾಟಿದ್ದನ್ನೇ ತಗೊಳ್ಳಿ. ಆದರೆ ಒಂದು ಕಿತಾಪತಿ ಉಂಟು. ಕೆಲವರು ಆ ಲೆಕ್ಕ ಹಾಕುವುದು ಖಾಲಿ ದೋಣಿಗೆ. ಐದು ಜನ ಹತ್ತಿದ ಮೇಲೆ 150 ಅನ್ನುವುದು 150 ಆಗಿ ಉಳಿಯುವುದಿಲ್ಲ.

ತಳಂಗರೆ ಅಂದ್ರೆ ದೊಡ್ಡ ಉರು, ಅಂದ್ರೆ ಮರದ ಹಡಗು, ಕಟ್ಟಿದ ಊರಲ್ವಾ. ನಕ್ಷೆ ತರಿಸಿ ಇಲ್ಲೇ ಕಟ್ಟಿಸಬಹುದಾ?

ಆಸೆ ನನಗೂ ಇತ್ತು. ಆದರೆ ಆ ಕೆಲಸವೇ ಬೇರೆ, ಈ ಕೆಲಸವೇ ಬೇರೆ. ಉರು ಭಾರದ ಮರದ ವಿದ್ಯೆ. ಇಲ್ಲಿ ಒಂದೊಂದು ಕಿಲೋಗೂ ಲೆಕ್ಕ. ಪ್ಲೈವುಡ್, ಎಪಾಕ್ಸಿ ಅನ್ನುವ ಅಂಟಿನಲ್ಲಿ ಮನೆಯಲ್ಲೇ ಕಟ್ಟುವ ನಕ್ಷೆ ಸಿಗುತ್ತದೆ, ಆಸ್ಟ್ರೇಲಿಯಾದ ಸ್ಕೇರಬ್ 18 ಅಂಥದ್ದು, ಮಡಚುತ್ತದೆ ಕೂಡ. ಫೈಬರ್ ದೋಣಿ ಮಾಡುವವರು ಕರಾವಳಿಯಲ್ಲಿ ಬೇಕಾದಷ್ಟು ಇದ್ದಾರೆ, ದೋಣಿಯ ಮೈ ಮಾಡಿಯಾರು. ತೋಳು ಮತ್ತು ಅದರ ಕೊಂಡಿಗಳಲ್ಲಿ ಮಾತ್ರ ಅಂದಾಜು ನಡೆಯುವುದಿಲ್ಲ. ನಕ್ಷೆಯಲ್ಲಿ ಬರೆದ ಲೋಹ, ಬರೆದ ದಪ್ಪ, ಅಷ್ಟೇ. ಮಳೆಗಾಲದಲ್ಲಿ ಎಪಾಕ್ಸಿ ಕೆಲಸ ಬೇಡ, ತೇವಕ್ಕೆ ಮೇಲೆ ಜಿಡ್ಡು ಕೂತು ಮುಂದಿನ ಪದರ ಹಿಡಿಯುವುದಿಲ್ಲ.

ಮೋಟಾರ್ ಬೇಕಾ? ರಿಜಿಸ್ಟ್ರೇಷನ್ ಬೇಕಾ?

ಬೇಕು, ಬೇಕು. ಆರು ಮೀಟರಿಗೆ ನಾಲ್ಕೈದು ಎಚ್‌ಪಿ ಔಟ್‌ಬೋರ್ಡ್ ಸಾಕು. ಡಿಸೆಂಬರಿನಿಂದ ಮೇ ತನಕ ಬೆಳಿಗ್ಗೆ ಮೂಡು ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನದಿಂದ ಸಂಜೆ ತನಕ ಕಡಲಗಾಳಿ. ನಡುವೆ ಹತ್ತು ಹನ್ನೊಂದು ಗಂಟೆಗೆ ಒಂದು ಎಲೆಯೂ ಅಲ್ಲಾಡದ ಹೊತ್ತು ಬರುತ್ತದೆ, ಮೋಟಾರ್ ಆಗ ಬೇಕು. ಮೋಟಾರ್ ಹಾಕಿ ಹೊಳೆ, ಹಿನ್ನೀರಿನಲ್ಲಿ ಓಡಿಸುವ ದೋಣಿಗೆ 2021ರ ಒಳನಾಡು ಹಡಗು ಕಾಯಿದೆ ಅನ್ವಯಿಸುತ್ತದೆ. ಕೇರಳದಲ್ಲಿ ಆ ಕೆಲಸ ಕೇರಳ ಮಾರಿಟೈಮ್ ಬೋರ್ಡಿನದ್ದು. ಕೊಂಡ ರಶೀದಿ, ಮೋಟಾರಿನ ನಂಬರ್, ಕಸ್ಟಮ್ಸ್ ಕಾಗದ ಎಲ್ಲ ಒಂದು ಫೈಲಿನಲ್ಲಿ ಜೋಪಾನ ಮಾಡಿ.

ಮಳೆಗಾಲದಲ್ಲಿ ಎಂತ ಮಾಡುದು?

ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ದಿನ ನಾನೂ ಹಾಯಿ ಬಿಚ್ಚುತ್ತೇನೆ. ಜೂನ್ 9ರಿಂದ ಜುಲೈ 31ರ ತನಕ ಕೇರಳದಲ್ಲಿ ಟ್ರಾಲಿಂಗ್ ನಿಷೇಧ, ದೊಡ್ಡ ಬೋಟುಗಳೇ ದಡದಲ್ಲಿರುವಾಗ ನಮ್ಮದೆಂತ. ದೋಣಿಯನ್ನು ಮೂತಿ ಸ್ವಲ್ಪ ಮೇಲೆ ಮಾಡಿ ನಿಲ್ಲಿಸಿ, ನೀರು ಹರಿದುಹೋಗಲಿ. ಟಾರ್ಪಾಲನ್ನು ಮೈಗೆ ತಾಗಿಸಿ ಕಟ್ಟಬೇಡಿ, ಒಳಗೆ ಗಾಳಿ ಆಡದೆ ಬೂಸ್ಟು ಹಿಡಿಯುತ್ತದೆ. ಟ್ರೈಲರನ್ನು ಕಲ್ಲಿನ ಮೇಲೆ ಎತ್ತಿ ಚಕ್ರದ ಭಾರ ತಪ್ಪಿಸಿ. ಫ್ಲೋಟಿನ ಮುಚ್ಚಳ ತೆರೆದಿಡಿ, ಬಾಯಿಗೆ ಮಾತ್ರ ಜಾಲರಿ ಕಟ್ಟಿ. ಹೋದ ವರ್ಷ ನಾನು ಕಟ್ಟಲಿಲ್ಲ. ಅಕ್ಟೋಬರಿನಲ್ಲಿ ಒಳಗೆ ಕೈ ಹಾಕಿದರೆ ನಮ್ಮದೇ ಅಂಗಳದ ಚಾಲಿ ಅಡಿಕೆ ಸುಮಾರು ಒಂದು ಸೇರು, ಜೊತೆಗೆ ಹಾಯಿಯ ಮೂಲೆ ಕಡಿದು ಮಾಡಿದ ಮೆತ್ತನೆ ಹಾಸಿಗೆ. ಇಲಿ ಇರಲಿಲ್ಲ, ಆಗಲೇ ಜಾಗ ಬದಲಿಸಿತ್ತು.